ಕ್ಯಾಲ್ಸಿಯಂ ಕೊಟ್ಟರೂ ಆಮೆಯ ಚಿಪ್ಪು ಮೆತ್ತಗೇ ಇದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಆಮೆಯ ಚಿಪ್ಪು ಮೆತ್ತಗಾಗಿದೆ ಎಂದರೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ಕ್ಯಾಲ್ಸಿಯಂ ಹಾಕಿ. ಮನೆಯವರು ಪುಡಿಯನ್ನೋ ಬಿಳಿ ಬ್ಲಾಕನ್ನೋ ತಂದು ಟಬ್ಬಿಗೆ ಹಾಕುತ್ತಾರೆ. ತಿಂಗಳುಗಟ್ಟಲೆ ಕಳೆದರೂ ಚಿಪ್ಪು ಹಾಗೇ ಇರುತ್ತದೆ, ಅಂಚು ಮೇಲಕ್ಕೆ ಮಡಚಿಕೊಳ್ಳುತ್ತ ಹೋಗುತ್ತದೆ. ಆಗ ಇನ್ನೊಂದು ಪುಡಿ, ಇನ್ನಷ್ಟು ಪುಡಿ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ನಾನು ನೋಡಿದ ಮೆತ್ತನೆ ಚಿಪ್ಪಿನ ಆಮೆಗಳ ಮನೆಗಳಲ್ಲಿ ಬಹುಪಾಲು ಕಡೆ ಕ್ಯಾಲ್ಸಿಯಂ ಡಬ್ಬಿ ಆಗಲೇ ಇತ್ತು. ಕೊರತೆ ಬೇರೆ ಕಡೆ ಇತ್ತು.

ಆಮೆಯ ಚಿಪ್ಪೆಂದರೆ ಎಲುಬು. ಪಕ್ಕೆಲುಬು, ಬೆನ್ನೆಲುಬುಗಳೇ ಹರಡಿ ಕೂಡಿಕೊಂಡು ಬೆನ್ನಚಿಪ್ಪು ಆಗಿದೆ. ಮೇಲೆ ಬಿಡಿಬಿಡಿಯಾಗಿ ಕಾಣುವ ಫಲಕಗಳು ಅದರ ಕೆರಾಟಿನ್ ಹೊದಿಕೆ, ನಮ್ಮ ಉಗುರಿನಂಥದ್ದೇ ವಸ್ತು. ಬಾಯಿಗೆ ಬಿದ್ದ ಕ್ಯಾಲ್ಸಿಯಂ ಆ ಎಲುಬಿಗೆ ಸೇರಬೇಕಾದರೆ ಮೊದಲು ಕರುಳು ಅದನ್ನು ಹೀರಬೇಕು. ಹೀರುವುದಕ್ಕೆ ವಿಟಮಿನ್ ಡಿ3 ಬೇಕು. ಡಿ3 ಚರ್ಮದಲ್ಲಿ ತಯಾರಾಗಲು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿಬಿ ಕಿರಣ ಬೇಕು. ಇಷ್ಟು ನಡೆಯಲು ಮೈ ಬೆಚ್ಚಗಿರಬೇಕು, ಊಟದಲ್ಲಿ ರಂಜಕ (ಫಾಸ್ಫರಸ್) ಮಿತಿಯಲ್ಲಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನೀವು ಹಾಕಿದ ಪುಡಿಯ ಹೆಚ್ಚಿನ ಪಾಲು ಮಲದಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ನಾನು ಬೆಳಕಿನಿಂದ ಶುರುಮಾಡಿ, ಬಿಸಿ ಮತ್ತು ಊಟ ನೋಡಿ, ಪುಡಿಯ ವಿಚಾರವನ್ನು ಕಡೆಗೆ ಇಟ್ಟುಕೊಳ್ಳುತ್ತೇನೆ. ಜನ ಮಾಡುವುದು ಸರಿಯಾಗಿ ಇದರ ತಿರುವು ಮುರುವು.

ಇಲ್ಲಿ ಹೇಳುವುದೆಲ್ಲ ಕೆಂಪು ಕಿವಿಯ ಆಮೆಗೆ, ಅಂದರೆ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್ ಜಾತಿಗೆ. ಅಕ್ವೇರಿಯಂ ಅಂಗಡಿಗಳಲ್ಲಿ ನಾಣ್ಯದಷ್ಟಗಲದ ಹಸಿರು ಮರಿಯಾಗಿ ಸಿಗುವುದು ಇದೇ. ಅಮೆರಿಕದ ಮಿಸಿಸಿಪಿ ನದಿ ಕಡೆಯ ಪ್ರಾಣಿ. ಹೆಣ್ಣು 25 ರಿಂದ 30 ಸೆಂ.ಮೀ.ವರೆಗೂ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುತ್ತದೆ. ಕೆರೆ ಏರಿಯ ಮೇಲೋ ಗದ್ದೆಯಲ್ಲೋ ಸಿಕ್ಕ ನಮ್ಮೂರ ಆಮೆಯನ್ನು, ಬೆನ್ನ ಮೇಲೆ ನಕ್ಷತ್ರದ ಗೆರೆಗಳಿರುವ ನೆಲದ ಆಮೆಯನ್ನು ಮನೆಯಲ್ಲಿಟ್ಟುಕೊಂಡಿದ್ದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಸಾಕುವುದು ಅಪರಾಧ, ವಾಸ್ತುವಿಗೆ ಒಳ್ಳೆಯದೆಂದು ಯಾರೇ ಹೇಳಿರಲಿ.

ಇದು ಕ್ಯಾಲ್ಸಿಯಂ ಕೊರತೆಯೇ ಹೌದೇ?

ಚಿಪ್ಪಿನಲ್ಲಿ ಕಾಣುವ ಎಲ್ಲ ಬದಲಾವಣೆಯೂ ಎಲುಬಿನ ರೋಗವಲ್ಲ. ನಮ್ಮ ಕಡೆ ಮೊದಲು ಅನುಮಾನಿಸಬೇಕಾದ್ದು ನೀರಿನ ಬಿಳಿ ಕಲೆ. ಬೋರ್ ನೀರು ಗಡಸು. ಬಕೆಟ್ಟು, ನಲ್ಲಿಗಳಿಗೆ ಕಟ್ಟುವ ಬಿಳಿ ಉಪ್ಪು ಆಮೆಯ ಬೆನ್ನಿಗೂ ಕಟ್ಟುತ್ತದೆ. ಮೈ ಒಣಗಿದಾಗ ಬೆಳ್ಳಗೆ ಕಂಡು, ಒದ್ದೆಯಾದ ಕೂಡಲೇ ಮರೆಯಾಗಿ, ಕೆಳಗಿನ ಚಿಪ್ಪು ಗಟ್ಟಿಯಾಗಿ ನಯವಾಗಿ ಇದ್ದರೆ ಅದು ಉಪ್ಪು. ಭದ್ರಾ ನೀರು ಬರುವ ಮನೆಯಾದರೆ ಆ ನೀರನ್ನೇ ಹಿಡಿದಿಟ್ಟು ಬಳಸಿ, ಕಲೆ ಕಟ್ಟುವುದು ಕಡಿಮೆಯಾಗುತ್ತದೆ.

ತೆಳು ಗಾಜಿನ ಹಾಳೆಯಂತೆ ಫಲಕಗಳು ಒಂದೊಂದಾಗಿ ಸುಲಿದು ಬೀಳುತ್ತಿದ್ದರೆ ಅದು ಬೆಳವಣಿಗೆಯ ಸಹಜ ಪೊರೆ, ಕೀಳಬೇಡಿ. ಚಿಪ್ಪಿನಲ್ಲಿ ಗುಳಿ ಬಿದ್ದು, ಕೆಟ್ಟ ವಾಸನೆ ಬಂದು, ಒತ್ತಿದರೆ ರಸಿಗೆಯೋ ರಕ್ತವೋ ಜಿನುಗಿದರೆ ಅದು ಕೊಳೆರೋಗ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಕ್ಯಾಲ್ಸಿಯಂ ಸುರಿದು ಕಾಯುವಂತಿಲ್ಲ. ಕಣ್ಣು ಊದಿ ಮುಚ್ಚಿಕೊಂಡಿದ್ದರೆ ವಿಟಮಿನ್ ಎ ಕೊರತೆಯ ಅನುಮಾನ. ಒಂದು ಕಡೆಗೆ ವಾಲಿ ತೇಲುತ್ತ ಮೂಗಿನಲ್ಲಿ ಗುಳ್ಳೆ ಬಿಡುತ್ತಿದ್ದರೆ ಶ್ವಾಸಕೋಶದ ಸೋಂಕು.

ಇನ್ನು ಚಿಪ್ಪನ್ನು ಮುಟ್ಟಿ ನೋಡುವ ಬಗೆ. ಆಮೆಯನ್ನು ನೀರಿನಿಂದ ತೆಗೆದು ಒರೆಸಿ. ಬೆನ್ನಚಿಪ್ಪಿನ ಅಂಚನ್ನು, ವಿಶೇಷವಾಗಿ ಬಾಲದ ಕಡೆಯದನ್ನು, ಹೆಬ್ಬೆರಳು ತೋರುಬೆರಳಿನ ನಡುವೆ ಹಗುರವಾಗಿ ಒತ್ತಿ. ಆಮೇಲೆ ಹೊಟ್ಟೆಚಿಪ್ಪಿನ ನಡುಭಾಗ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಬಿಗುವಾದರೂ ಇರಬೇಕು. ಮೊಟ್ಟೆಯಿಂದ ಬಂದು ಕೆಲವೇ ತಿಂಗಳಾದ ಮರಿಯ ಹೊಟ್ಟೆಚಿಪ್ಪು ಸ್ವಲ್ಪ ಬಳುಕುವುದು ಸಹಜ. ನಾಲ್ಕು ಬೆರಳಗಲ ದಾಟಿದ ಆಮೆಯಲ್ಲಿ ಬಳುಕಿದರೆ ಸಹಜವಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಬೇಡಿ. ಮೆತ್ತನೆ ಎಲುಬಿಗೆ ನೋವಾಗುತ್ತದೆ, ಮಕ್ಕಳ ಕೈಗಂತೂ ಈ ಪರೀಕ್ಷೆ ಕೊಡಲೇಬೇಡಿ. ನೋಡಿ ತಿಳಿಯುವ ಗುರುತುಗಳೂ ಇವೆ: ಹಿಂಭಾಗದ ಅಂಚು ಮೇಲಕ್ಕೆ ಮಡಚಿರುವುದು, ಬೆನ್ನು ನಡುವೆ ತಗ್ಗಾಗಿರುವುದು, ಚಿಪ್ಪು ಚಿಕ್ಕದಾಗಿ ಉಳಿದು ಕೈಕಾಲು ಒಳಗೆ ಹಿಡಿಸದಂತೆ ದಪ್ಪಗಿರುವುದು, ದವಡೆ ರಬ್ಬರಿನಂತಾಗಿ ಗಟ್ಟಿ ಕಾಳು ಕಚ್ಚಲಾರದಿರುವುದು. ತಿನ್ನಲು ಬಂದು ಕಚ್ಚಿ ಮತ್ತೆ ಬಿಡುವ ಆಮೆಯನ್ನು ಕಂಡರೆ ಜನ ಹಸಿವಿಲ್ಲ ಅಂದುಕೊಳ್ಳುತ್ತಾರೆ. ಹಸಿವಿರುತ್ತದೆ, ದವಡೆಗೆ ಬಲ ಇರುವುದಿಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಕಾಲು ನಡುಗುವುದು, ಸೆಟೆದುಕೊಳ್ಳುವುದು, ಹಿಂಗಾಲು ಎಳೆಯುವುದು, ಎಲುಬು ಮುರಿದಂತೆ ಕಾಲು ಊದುವುದು, ವಾರ ಕಳೆದರೂ ಏನನ್ನೂ ತಿನ್ನದಿರುವುದು, ಹೆಣ್ಣಾಮೆ ಮೊಟ್ಟೆ ಇಡಲಾಗದೆ ತಿಣುಕುವುದು ಕಂಡರೆ ಮನೆಯಲ್ಲಿ ಪರೀಕ್ಷೆ ಮಾಡುತ್ತ ಕೂರುವ ಹಂತ ಮುಗಿದಿದೆ. ರಕ್ತದಲ್ಲೇ ಕ್ಯಾಲ್ಸಿಯಂ ಕುಸಿದಿರಬಹುದು. ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ.

ಬೆಳಕು

ದಾವಣಗೆರೆಯ ನಿಟ್ಟುವಳ್ಳಿಯ ಒಂದು ಮನೆಯಲ್ಲಿ ನಡೆದ ಮಾತುಕತೆಯನ್ನು ಹಾಗೇ ಬರೆಯುತ್ತೇನೆ, ಏಕೆಂದರೆ ಇದೇ ಮಾತು ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದೇನೆ.

"ದಿನಾ ಮುಂಜಾನೆ ಬಿಸಿಲಿಗೆ ಇಡ್ತೀವಿ ಅಣ್ಣಾ, ಮತ್ತೇನ್ ಬೇಕು ಅದಕ್ಕ?"

"ಎಲ್ಲಿ ಇಡ್ತೀರಕ್ಕಾ?"

"ಇಲ್ಲೇ, ಕಿಟಕಿ ಹತ್ರ. ಚೊಲೋ ಬಿಸಿಲು ಬೀಳ್ತೈತಿ."

"ಕಿಟಕಿ ತೆಗೆದಿರ್ತೀರೇನು?"

"ಇಲ್ಲ, ಬೆಕ್ಕು ಬರ್ತೈತಿ ಅಂತ ಗಾಜು ಹಾಕಿರ್ತೀವಿ."

ದೋಷ ಅಲ್ಲೇ ಸಿಕ್ಕಿತು. ಡಿ3 ತಯಾರಿಸುವ ಯುವಿಬಿ ಕಿರಣದ ತರಂಗಾಂತರ ಸುಮಾರು 290 ರಿಂದ 315 ನ್ಯಾನೋಮೀಟರ್. ಸಾಮಾನ್ಯ ಕಿಟಕಿ ಗಾಜು ಕಣ್ಣಿಗೆ ಕಾಣುವ ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಟ್ಟು ಈ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆಮೆಗೆ ಬಿಸಿಲು ಕಾಯಿಸಿದ ಹಿತ ಸಿಗುತ್ತದೆ, ಡಿ3 ಸಿಗುವುದಿಲ್ಲ. ಹಿತ್ತಲಿಗೆ, ಮಾಳಿಗೆಗೆ ಹಾಕಿಸುವ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟೂ ಹಾಗೇ. ಕೆಳಗೆ ನಿಂತರೆ ಝಳಕ್ಕೆ ಬೆವರು ಸುರಿಯುತ್ತದೆ, ಯುವಿಬಿ ಮಾತ್ರ ಇಳಿದು ಬರುವುದಿಲ್ಲ. ಆದ್ದರಿಂದ ಆಮೆಗೂ ಸೂರ್ಯನಿಗೂ ನಡುವೆ ಏನಿದೆ ಎಂದು ತಲೆಯೆತ್ತಿ ನೋಡುವುದೇ ಮೊದಲ ಪರೀಕ್ಷೆ.

ಎರಡನೆಯದು ಹೊತ್ತು. ಎಳೆಬಿಸಿಲು ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಏಳು ಗಂಟೆಯ ಓರೆ ಬಿಸಿಲು ವಾತಾವರಣದಲ್ಲಿ ದೂರ ಹಾದು ಬರುವಾಗ ಯುವಿಬಿ ಬಹುಪಾಲು ಸೋಸಿಹೋಗಿರುತ್ತದೆ. ಅಳೆಯಲು ಯಂತ್ರ ಬೇಕಿಲ್ಲ, ನಿಮ್ಮ ನೆರಳು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಬಹಳ ಉದ್ದವಿದ್ದರೆ ಯುವಿಬಿ ಕಡಿಮೆ. ನಿಮ್ಮೆತ್ತರಕ್ಕೆ ಸಮ ಬರುವ ಹೊತ್ತಿಗೆ ಚೆನ್ನಾಗಿ ಇರುತ್ತದೆ. ದಾವಣಗೆರೆಯಲ್ಲಿ ಹಾಗೆ ಆಗುವುದು ಮೇ ತಿಂಗಳಲ್ಲಿ ಒಂಬತ್ತೂಕಾಲರ ಸುಮಾರಿಗೆ, ಡಿಸೆಂಬರ್ ಕೊನೆಯಲ್ಲಿ ಹತ್ತೂಮುಕ್ಕಾಲರ ಸುಮಾರಿಗೆ. ಬೇಸಿಗೆಯಲ್ಲಿ ಎಂಟೂವರೆಯಿಂದ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತರಿಂದ ಹನ್ನೊಂದು. ಇಷ್ಟರೊಳಗೆ ಅರ್ಧ ಗಂಟೆ, ವಾರದಲ್ಲಿ ನಾಲ್ಕೈದು ದಿನ ಬಯಲು ಬಿಸಿಲು ಸಿಕ್ಕರೆ ನಮ್ಮ ಬಯಲುಸೀಮೆಯ ಆಮೆಗೆ ದೀಪದ ಹಂಗೇ ಇಲ್ಲ. ಇಷ್ಟು ಬಿಸಿಲಿರುವ ಊರಿನಲ್ಲಿ ಆಮೆಗಳು ಬಿಸಿಲಿಲ್ಲದೆ ಸೊರಗುವುದನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ.

ಬಿಸಿಲಿಗೆ ಇಡುವುದಕ್ಕೂ ಕಟ್ಟುಪಾಡು ಇದೆ. ಗಾಜಿನ ತೊಟ್ಟಿಯನ್ನು ಎತ್ತಿ ಬಿಸಿಲಿಗಿಡಬೇಡಿ, ನೀರು ಬೇಗ ಕಾದುಹೋಗುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೈ ಮುಳುಗುವಷ್ಟು ನೀರು, ಹತ್ತಿ ಕೂರಲು ಒಂದು ಇಟ್ಟಿಗೆ, ಅರ್ಧ ಭಾಗಕ್ಕೆ ಹಲಗೆಯ ನೆರಳು. ಮೈಯ ಉಷ್ಣತೆ 40 ಡಿಗ್ರಿ ಮುಟ್ಟಿದರೆ ಆಮೆ ಬದುಕುವುದು ಕಷ್ಟ; ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲಿಟ್ಟು ಮರೆತರೆ ಅಷ್ಟೇ ಸಾಕು. ಮೇಲೆ ಅಗಲ ಕಣ್ಣಿನ ತಂತಿ ಬಲೆ ಮುಚ್ಚಿ. ದಾವಣಗೆರೆಯಲ್ಲಿ ಕಾಗೆ, ಹದ್ದು, ಬೆಕ್ಕು; ಚಿತ್ರದುರ್ಗದಲ್ಲಿ ಕೋಟೆ ಕಡೆಯ ಮನೆಗಳಿಗೆ ಇವುಗಳ ಜೊತೆ ಮಂಗಗಳೂ ಇವೆ.

ಫ್ಲಾಟಿನಲ್ಲಿ ಇರುವವರಿಗೆ, ಮಳೆಗಾಲದ ಮೋಡದ ವಾರಗಳಿಗೆ ದೀಪವೇ ಗತಿ. ಅಲ್ಲಿ ಆಗುವ ತಪ್ಪುಗಳು ಬೇರೆ. ಬಿಸಿ ಕೊಡುವ ಸಾಮಾನ್ಯ ಬಲ್ಬಿನಿಂದ ಯುವಿಬಿ ಬರುವುದಿಲ್ಲ. ಮೀನಿನ ತೊಟ್ಟಿಯ ನೀಲಿ ಎಲ್‌ಇಡಿಯಿಂದಲೂ ಇಲ್ಲ. ನೀರು ಶುದ್ಧಮಾಡಲು ಬಳಸುವ ಯುವಿ ದೀಪ ಯುವಿಸಿ ಕಿರಣದ್ದು. ಅದನ್ನು ಆಮೆಯ ಮೇಲೆ ಹಾಕಿದರೆ ಕಣ್ಣು, ಚರ್ಮ ಸುಡುತ್ತದೆ. ಸರೀಸೃಪಗಳಿಗೆಂದೇ ಮಾಡಿದ ಯುವಿಬಿ ಟ್ಯೂಬ್ ಬೇಕು. ಅದನ್ನು ಆಮೆ ಕೂರುವ ಕಲ್ಲಿನಿಂದ 25-30 ಸೆಂ.ಮೀ. ಎತ್ತರದಲ್ಲಿ ಕಟ್ಟಿ, ತಯಾರಕರು ಡಬ್ಬಿಯ ಮೇಲೆ ಬೇರೆ ಅಂತರ ಹೇಳಿದ್ದರೆ ಅದನ್ನೇ ಅನುಸರಿಸಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಬೇಕು. ನಡುವೆ ಗಾಜಿನ ಮುಚ್ಚಳ ಇರಕೂಡದು, ಸಣ್ಣ ಕಣ್ಣಿನ ಜಾಲರಿಯೂ ಕಿರಣದ ದೊಡ್ಡ ಪಾಲನ್ನು ತಿನ್ನುತ್ತದೆ.

ಟ್ಯೂಬು ಉರಿಯುತ್ತಿದೆ ಎಂದಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಕಣ್ಣಿಗೆ ಕಾಣುವ ಬೆಳಕು ಉಳಿದು ಯುವಿಬಿ ಮಾತ್ರ ಕುಗ್ಗುತ್ತ ಬರುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಹಾಕಿದ ತಾರೀಖನ್ನು ಟ್ಯೂಬಿನ ತುದಿಯಲ್ಲಿ ಬರೆದಿಡಿ. ಕೆಲವರು ದೀಪದಡಿ ರೂಪಾಯಿ ನೋಟು ಹಿಡಿದು ಹೊಳೆದರೆ ಸರಿಯಿದೆ ಅನ್ನುತ್ತಾರೆ. ನೋಟಿನ ಗುರುತು ಹೊಳೆಯಲು ಯುವಿಎ ಎಂಬ ಬೇರೆ ಕಿರಣ ಸಾಕು, ಅದರಿಂದ ಯುವಿಬಿ ಇದೆ ಎಂದು ಸಾಬೀತಾಗುವುದಿಲ್ಲ.

ಕೂರುವ ಒಣ ಜಾಗವೇ ಇಲ್ಲದ ತೊಟ್ಟಿಗಳೂ ಇವೆ. ಆಮೆ ಪೂರ್ತಿ ನೀರಿನಿಂದ ಹೊರಬಂದು ಮೈ ಒಣಗಿಸಿಕೊಳ್ಳುವಂತಿರಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯ ಟ್ಯೂಬ್ ತಂದರೂ ಅದರ ಬೆಳಕು ನೀರಿಗೆ ಬೀಳುತ್ತದೆಯೇ ಹೊರತು ಆಮೆಗಲ್ಲ.

ಬಿಸಿ

ಇದು ಬೇಗ ಮುಗಿಯುವ ಪರೀಕ್ಷೆ. ನೀರು 24 ರಿಂದ 28 ಡಿಗ್ರಿ ಸೆಲ್ಸಿಯಸ್, ಕೂರುವ ಜಾಗ 30 ರಿಂದ 34 ಡಿಗ್ರಿ. ವರ್ಷದ ಬಹುಪಾಲು ನಮ್ಮಲ್ಲಿ ಹೀಟರ್ ಇಲ್ಲದೆ ನಡೆಯುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಸಿಮೆಂಟ್ ನೆಲದ ಮೇಲಿಟ್ಟ ಟಬ್ಬಿನ ನೀರು 20ರ ಕೆಳಗೆ ಇಳಿಯುತ್ತದೆ. ಆಮೆ ಮಂಕಾಗಿ ತಿನ್ನುವುದು ಬಿಡುತ್ತದೆ, ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ಆ ಎರಡು ತಿಂಗಳು ಒಂದು ಚಿಕ್ಕ ಹೀಟರ್ ಹಾಕಿ. ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ತೊಟ್ಟಿಗೆ ಅಂಟಿಸುವ ಥರ್ಮಾಮೀಟರ್ ಅಗ್ಗವಾಗಿಯೇ ಸಿಗುತ್ತದೆ.

ಊಟ

ಮಂಡಕ್ಕಿ ಭಟ್ಟಿಗಳ ಊರು ನಮ್ಮದು. ಆಮೆಗೂ ಮಂಡಕ್ಕಿ ಹಾಕುತ್ತಾರೆ. ನೀರಿನಲ್ಲಿ ತೇಲುತ್ತದೆ, ಆಮೆ ಓಡಿಬಂದು ಕಚ್ಚುತ್ತದೆ, ಮಕ್ಕಳಿಗೆ ನೋಡಲು ಸಂತೋಷ. ಅದರಲ್ಲಿ ಇರುವುದು ಬಹುತೇಕ ಪಿಷ್ಟ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿದ್ದರಿಂದ ಬೇಕಾದ್ದನ್ನು ಅದು ತಿನ್ನುವುದಿಲ್ಲ, ಅದೇ ದೊಡ್ಡ ನಷ್ಟ. ಅನ್ನ, ಬ್ರೆಡ್ಡು, ದೋಸೆಯ ಚೂರು ಎಲ್ಲಕ್ಕೂ ಇದೇ ಮಾತು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಮುದ್ದೆ ಹಾಕಬಹುದೇ ಎಂದು ಚಿತ್ರದುರ್ಗದ ಕಡೆಯವರು ಕೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ರಂಜಕವೂ ಸಾಕಷ್ಟಿದೆ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಇದೆ. ನಮಗೆ ಒಳ್ಳೆಯದು, ಆಮೆಯ ಆಹಾರವಲ್ಲ.

ರಂಜಕದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮಾಂಸ ಹಾಕುವ ಮನೆಗಳಲ್ಲಿ ದೋಷ ಇರುವುದು ಇಲ್ಲೇ. ಆಮೆಯ ಊಟದಲ್ಲಿ ಒಂದು ಪಾಲು ರಂಜಕಕ್ಕೆ ಎರಡು ಪಾಲು ಕ್ಯಾಲ್ಸಿಯಂ ಇದ್ದರೆ ಚೆನ್ನ. ಎಲುಬಿಲ್ಲದ ಕೋಳಿ ಮಾಂಸದಲ್ಲಿ ಒಂದು ಪಾಲು ಕ್ಯಾಲ್ಸಿಯಂಗೆ ಹದಿನೈದಕ್ಕೂ ಹೆಚ್ಚು ಪಾಲು ರಂಜಕ ಇರುತ್ತದೆ. ಹೆಚ್ಚಾದ ರಂಜಕ ಕರುಳಿನಲ್ಲೇ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಎಲುಬಿನಿಂದ, ಅಂದರೆ ಚಿಪ್ಪಿನಿಂದಲೇ, ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತರುತ್ತದೆ. ಅಂದರೆ ದಿನಾ ಕೋಳಿ ಚೂರು ಹಾಕಿ ವಾರಕ್ಕೊಮ್ಮೆ ಪುಡಿ ಉದುರಿಸುವವರು ಆರು ದಿನ ಚಿಪ್ಪನ್ನು ಕರಗಿಸಿ ಒಂದು ದಿನ ಕಟ್ಟಲು ನೋಡುತ್ತಿದ್ದಾರೆ.

ಅಂಗಡಿಯಲ್ಲಿ ಆಮೆ ಆಹಾರವೆಂದು ಡಬ್ಬಿಯಲ್ಲಿ ಕೊಡುವ ಒಣ ಸಿಗಡಿಯಂಥ ಹುಳವೂ ಪೂರ್ಣ ಊಟವಲ್ಲ. ಅದರ ಹೊರಕವಚದಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಇದ್ದರೂ ವಿಟಮಿನ್‌ಗಳು ಕಡಿಮೆ. ರುಚಿಗೆ ವಾರಕ್ಕೊಮ್ಮೆ ಸಾಕು.

ಹಾಗಾದರೆ ಏನು ಹಾಕಬೇಕು? ಕ್ಯಾಲ್ಸಿಯಂ ಮತ್ತು ಡಿ3 ಸೇರಿಸಿ ಮಾಡಿದ ಒಳ್ಳೆಯ ಆಮೆ ಗುಳಿಗೆ, ಅಂದರೆ ಪೆಲೆಟ್ ಆಹಾರ, ಬುನಾದಿಯಾಗಿರಲಿ. ಒಂದು ಹೊತ್ತಿಗೆ ಆಮೆಯ ತಲೆಯ ಗಾತ್ರದಷ್ಟು ಸಾಕು. ಮರಿಗೆ ದಿನಾ, ದೊಡ್ಡದಕ್ಕೆ ದಿನ ಬಿಟ್ಟು ದಿನ. ಮೀನು ಕೊಡುವುದಾದರೆ ಎಲುಬು ಸಮೇತ ಇಡಿಯಾಗಿ ನುಂಗುವಷ್ಟು ಸಣ್ಣದು. ಜಿಲೇಬಿ ಮೀನಿನ ಮರಿ ಆದೀತು. ತೊಳೆದ ಮೀನಿನ ತುಂಡು ಮಾತ್ರ ಹಾಕಿದರೆ ಮತ್ತೆ ಕೋಳಿಯ ಕಥೆಯೇ. ಸೊಪ್ಪಿನಲ್ಲಿ ನನ್ನ ಮೊದಲ ಆಯ್ಕೆ ನುಗ್ಗೆ. ನೂರು ಗ್ರಾಂ ಹಸಿ ಸೊಪ್ಪಿನಲ್ಲಿ 300 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ರಂಜಕ ಅದರ ಅರ್ಧವೂ ಇಲ್ಲ, ಮತ್ತು ಬೀದಿಗೊಂದು ಮರ ಇದೆ. ಮೆಂತ್ಯ ಸೊಪ್ಪು, ದಾಸವಾಳದ ಎಲೆ ಹೂವು ಕೂಡ ಹಾಕಬಹುದು. ಪಾಲಕ್ ಮತ್ತು ದಂಟಿನ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ಬಿಗಿಹಿಡಿಯುವ ಆಕ್ಸಲೇಟ್ ಜಾಸ್ತಿ, ಅವು ಅಪರೂಪಕ್ಕೆ. ಮರಿಗಳು ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ ಎಂದು ಬೇಸರ ಬೇಡ. ಬೆಳೆದಂತೆ ಸೊಪ್ಪಿನ ಕಡೆ ತಿರುಗುತ್ತವೆ, ಹಾಕುತ್ತ ಇರಿ.

ಪುಡಿ

ಮೇಲಿನ ಮೂರೂ ಸರಿಯಾಗಿದ್ದರೆ ಈಗ ಪುಡಿಯ ಸರದಿ.

ಹಾಕಿದ ಪುಡಿ ಹೊಟ್ಟೆಗೆ ಹೋಗುತ್ತಿದೆಯೇ? ನೀರಾಮೆ ನೀರಿನಲ್ಲೇ ತಿನ್ನುವ ಪ್ರಾಣಿ. ಗುಳಿಗೆಯ ಮೇಲೆ ಉದುರಿಸಿದ ಪುಡಿ ನೀರಿಗೆ ಬಿದ್ದ ಕ್ಷಣ ತೊಳೆದುಹೋಗಿ ತೊಟ್ಟಿ ಹಾಲಿನ ಬಣ್ಣಕ್ಕೆ ತಿರುಗಿದರೆ ಪುಡಿ ಎಲ್ಲಿ ಹೋಯಿತೆಂದು ತಿಳಿಯಿತು. ನೀರಲ್ಲೇ ಇದ್ದರೆ ಕುಡಿಯುತ್ತದಲ್ಲ ಎನ್ನುವವರಿಗೆ ಒಂದು ಲೆಕ್ಕ: ಲೀಟರಿಗೆ 500 ಮಿ.ಗ್ರಾಂ ಗಡಸುತನದ ಬೋರ್ ನೀರಿನಲ್ಲಿ, ಗಡಸೆಲ್ಲ ಕ್ಯಾಲ್ಸಿಯಂನದ್ದೇ ಎಂದುಕೊಂಡರೂ, ಲೀಟರಿಗೆ 200 ಮಿ.ಗ್ರಾಂ ಕ್ಯಾಲ್ಸಿಯಂ. ಮರಿ 5 ಮಿ.ಲೀ. ಕುಡಿದರೆ ಸಿಕ್ಕಿದ್ದು 1 ಮಿ.ಗ್ರಾಂ. ತೇಲಿಬಿಡುವ ಬಿಳಿ ಬ್ಲಾಕ್‌ಗಳೂ ಆಮೆ ಕಚ್ಚಿ ತಿಂದರೆ ಮಾತ್ರ ಉಪಯೋಗ. ಕಚ್ಚಿದ ಗುರುತಿಲ್ಲದೆ ಬರೀ ಕರಗಿ ಸಣ್ಣದಾಗುತ್ತಿದ್ದರೆ ನೆಚ್ಚಬೇಡಿ. ಆಮೆಗೆ ಹಲ್ಲಿಲ್ಲ, ಕೊಕ್ಕಿನಂಥ ದವಡೆಯ ಅರ್ಧಚಂದ್ರದ ಕಚ್ಚು ಕಾಣಬೇಕು.

ನಾನು ಎಲ್ಲರಿಗೂ ಹೇಳುವ ಉಪಾಯ ಚೈನಾ ಗ್ರಾಸ್ ಹಾಕಿ ಮಾಡುವ ಗಟ್ಟಿ ಊಟ. ನೆನೆಸಿದ ಆಮೆ ಗುಳಿಗೆ, ಬೇಯಿಸಿ ಎಲುಬು ಸಮೇತ ಅರೆದ ಸಣ್ಣ ಮೀನು, ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು ಎಲ್ಲ ಸೇರಿ 200 ಗ್ರಾಂ ಆಗಲಿ. ಅದಕ್ಕೆ ಅರ್ಧ ಟೀ ಚಮಚ ಸಾದಾ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಅರ್ಧ ಲೋಟ ನೀರಿನಲ್ಲಿ ಒಂದು ಟೀ ಚಮಚ ಚೈನಾ ಗ್ರಾಸ್ ಪುಡಿ ಚೆನ್ನಾಗಿ ಕುದಿಸಿ, ಸ್ವಲ್ಪ ಆರಿದ ಮೇಲೆ ಇದರಲ್ಲಿ ಕಲಸಿ ತಟ್ಟೆಗೆ ಸುರಿಯಿರಿ. ಹೆಪ್ಪುಗಟ್ಟಿದ ಮೇಲೆ ಸಣ್ಣ ಚೌಕಗಳಾಗಿ ಕೊಯ್ದು ಫ್ರೀಜರಿನಲ್ಲಿಡಿ, ಬೇಕಾದಷ್ಟು ತೆಗೆದು ಕರಗಿಸಿ ಹಾಕಿ. ಜೆಲಟಿನ್ ಬಳಸಿದರೆ ಬೇಸಿಗೆಯಲ್ಲಿ ನಮ್ಮ ತೊಟ್ಟಿ ನೀರಿನ ಬಿಸಿಗೇ ಮೆತ್ತಗಾಗುತ್ತದೆ. ಚೈನಾ ಗ್ರಾಸ್ ಒಮ್ಮೆ ಗಟ್ಟಿಯಾದರೆ 80 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ಪುಡಿ ಒಳಗೇ ಸೆರೆಯಾಗಿ ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಬೆಳೆಯುವ ಮರಿಗೆ ವಾರಕ್ಕೆ ಎರಡು ಮೂರು ಸಲ, ದೊಡ್ಡದಕ್ಕೆ ಒಂದು ಸಲ.

ಪುಡಿಯ ಮೂಲ ಯಾವುದಿರಲಿ? ಮೊಟ್ಟೆ ಸಿಪ್ಪೆ ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಮೊಟ್ಟೆಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಕ್ಷಿ ಸಾಕುವವರು ಪಂಜರಕ್ಕೆ ಸಿಕ್ಕಿಸುವ ಕಟಲ್ ಬೋನ್ ಕೂಡ ಒಳ್ಳೆಯದು. ಹಿಂಬದಿಯ ಗಟ್ಟಿ ಪದರ ಕಿತ್ತು, ಮೆತ್ತನೆ ಭಾಗವನ್ನು ಚೂರುಮಾಡಿ ತೇಲಿಬಿಟ್ಟರೆ ಆಮೆ ತನಗೆ ಬೇಕಾದಾಗ ಕಚ್ಚುತ್ತದೆ. ಮೊಟ್ಟೆ ಇಡುವ ಪ್ರಾಯದ ಹೆಣ್ಣುಗಳಿಗೆ ಇದು ಯಾವಾಗಲೂ ತೊಟ್ಟಿಯಲ್ಲಿರಲಿ.

ಈಗ ಹಾಕಲೇಬಾರದ್ದು. ಎಲೆ ಅಡಿಕೆಯ ಸುಣ್ಣ. ಅಡಿಕೆ ಬೆಳೆಯುವ ಜಿಲ್ಲೆ, ಮನೆಮನೆಯಲ್ಲಿ ಸುಣ್ಣದ ಡಬ್ಬಿ ಇರುತ್ತದೆ, ಸುಣ್ಣವೂ ಕ್ಯಾಲ್ಸಿಯಂ ತಾನೇ ಎಂಬ ತರ್ಕ ಸುಲಭವಾಗಿ ಹೊಳೆಯುತ್ತದೆ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಉಗ್ರ ಕ್ಷಾರ, ಪಿಎಚ್ 12ರ ಆಸುಪಾಸು. ಬಾಯಿ, ಗಂಟಲು, ಕಣ್ಣು ಬೇಯುತ್ತದೆ. ದಯವಿಟ್ಟು ಬೇಡ. ಶಾಲೆಯ ಸೀಮೆಸುಣ್ಣವೂ ಬೇಡ, ಬಹಳಷ್ಟು ಜಿಪ್ಸಂನಿಂದ ಮಾಡಿದ್ದು, ಬಣ್ಣ ಅಂಟು ಏನು ಸೇರಿದೆಯೋ ತಿಳಿಯದು. ದನಕ್ಕೆ ಕೊಡುವ ಕ್ಯಾಲ್ಸಿಯಂ ದ್ರಾವಣದಲ್ಲಿ ರಂಜಕವೂ ಡಿ3ಯೂ ದನದ ತೂಕಕ್ಕೆ ತಕ್ಕಂತೆ ಇರುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ಔಷಧಿ ಅಂಗಡಿಯ 60,000 ಯೂನಿಟ್ ಡಿ3 ಸ್ಯಾಶೆಗೆ. ಅದು ಮನುಷ್ಯರಿಗೆ ವೈದ್ಯರು ವಾರಕ್ಕೊಂದರಂತೆ ಬರೆಯುವ ಪ್ರಮಾಣ. ಡಿ3 ಮೈಯಲ್ಲಿ ಉಳಿಯುವ ವಿಟಮಿನ್. ಮಿತಿ ಮೀರಿದರೆ ಕ್ಯಾಲ್ಸಿಯಂ ಮೂತ್ರಪಿಂಡ, ರಕ್ತನಾಳಗಳಲ್ಲಿ ಹೆಪ್ಪುಗಟ್ಟುತ್ತದೆ, ಅದನ್ನು ಹಿಂದಕ್ಕೆ ತರಲಾಗದು. ಬಯಲು ಬಿಸಿಲೋ ಸರಿಯಾದ ಟ್ಯೂಬೋ ಇದ್ದರೆ ಡಿ3 ಇಲ್ಲದ ಸಾದಾ ಪುಡಿಯನ್ನೇ ಕೊಡಿ. ಬೆಳಕಿಗೆ ಯಾವ ದಾರಿಯೂ ಇಲ್ಲವಾದರೆ ಮಾತ್ರ ಸರೀಸೃಪಗಳಿಗೆಂದು ಮಾಡಿದ ಡಿ3 ಸೇರಿದ ಪುಡಿ, ವಾರಕ್ಕೊಮ್ಮೆ ಚಿಟಿಕೆ.

ಎಲ್ಲ ಸರಿ ಇದ್ದೂ ಗುಣ ಕಾಣದಿದ್ದರೆ

ಮೊದಲು ಕಾಲಾವಕಾಶ ಕೊಟ್ಟಿದ್ದೀರಾ ನೋಡಿ. ತಿನ್ನುವುದು, ಓಡಾಟ ಕೆಲವು ವಾರದಲ್ಲಿ ಸುಧಾರಿಸುತ್ತದೆ. ಚಿಪ್ಪು ಬಿಗಿಯಾಗಲು ತಿಂಗಳುಗಳು ಬೇಕು. ಮಡಚಿದ ಅಂಚು, ತಗ್ಗಾದ ಬೆನ್ನು ಗಟ್ಟಿಯಾಗಿ ಆ ಆಕಾರದಲ್ಲೇ ಉಳಿಯುತ್ತದೆ, ನೆಟ್ಟಗಾಗುವುದಿಲ್ಲ. ಅದನ್ನು ನೋಡಿ ಔಷಧಿ ಹಿಡಿಯಲಿಲ್ಲ ಎಂದು ಪ್ರಮಾಣ ಹೆಚ್ಚಿಸಬೇಡಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಹಾಳೆ ಹಾಸಿ ತೂಕ, ತಿಂಗಳಿಗೊಮ್ಮೆ ಮೇಲಿನಿಂದ ಮತ್ತು ಪಕ್ಕದಿಂದ ಒಂದೊಂದು ಫೋಟೋ. ಹೊಸದಾಗಿ ಬೆಳೆಯುವ ಫಲಕದ ಅಂಚು ಸಮತಟ್ಟಾಗಿ ಬರುತ್ತಿದ್ದರೆ ದಾರಿ ಸರಿಯಿದೆ. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ತಕ್ಕಡಿಯನ್ನೂ ಒರೆಸಿ; ಸಾಲ್ಮೊನೆಲ್ಲಾ ಸೋಂಕಿನ ಕಾರಣಕ್ಕೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು.

ಎರಡು ಮೂರು ತಿಂಗಳಾದರೂ ಚಿಪ್ಪು ಬಳುಕುತ್ತಲೇ ಇದ್ದರೆ ಮೂತ್ರಪಿಂಡದ ತೊಂದರೆ ಇರಬಹುದು, ಅದು ಮನೆಯಲ್ಲಿ ತಿಳಿಯುವಂಥದ್ದಲ್ಲ. ಎಕ್ಸ್‌ರೇಯಲ್ಲಿ ಎಲುಬಿನ ಸಾಂದ್ರತೆ, ಹೆಣ್ಣಾದರೆ ಸಿಕ್ಕಿಕೊಂಡ ಮೊಟ್ಟೆ ಕಾಣುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ, ರಂಜಕ ತಿಳಿಯುತ್ತದೆ. ಕ್ಯಾಲ್ಸಿಯಂ ಚುಚ್ಚುಮದ್ದು ಕೊಡುವ ಮೊದಲು ಮೈಗೆ ನೀರು ಹಿಡಿಸಬೇಕಾಗುತ್ತದೆ, ಹಾಗಾಗಿ ಅದು ವೈದ್ಯರ ಕೈಯಲ್ಲೇ ಆಗಬೇಕು. ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ದನ, ಕುರಿ, ನಾಯಿಗಳೇ ಹೆಚ್ಚು. ಆಮೆ ನೋಡಿ ಅಭ್ಯಾಸವಿರುವವರು ಇದ್ದಾರೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕೇಳಿಕೊಂಡು ಹೋಗಬಹುದು.

ಸಾಕಲಾಗದು ಅನ್ನಿಸಿದರೂ ಸೂಳೆಕೆರೆಗೋ ಕುಂದುವಾಡ ಕೆರೆಗೋ ಬಿಡಬೇಡಿ. ಹೊರಗಿನ ಈ ಜಾತಿ ನಮ್ಮ ಆಮೆಗಳ ಜಾಗ, ಆಹಾರ ಎರಡನ್ನೂ ಕಬಳಿಸುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನೋಡಿಕೊಳ್ಳಬಲ್ಲ ಬೇರೆ ಮನೆ ಹುಡುಕಿ.

ವೈದ್ಯರಲ್ಲಿಗೆ ಹೋಗುವಾಗ ಆಮೆಯನ್ನು ನೀರಿಲ್ಲದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಗಾಳಿಗೆ ತೂತು ಮಾಡಿ ಒಯ್ಯಿರಿ. ಹೊಟ್ಟೆಚಿಪ್ಪು ಮೆತ್ತಗಿದ್ದರೆ ಕೆಳಗೆ ಸ್ಪಂಜು ಇರಲಿ, ಬಸ್ಸಿನ ಕುಲುಕಾಟಕ್ಕೆ ಎಲುಬು ಮುರಿಯಬಹುದು. ಜೊತೆಗೆ ತೂಕದ ಪಟ್ಟಿ, ಫೋಟೋ, ಹಾಕುತ್ತಿರುವ ಆಹಾರದ ಡಬ್ಬಿ, ಪುಡಿಯ ಡಬ್ಬಿ, ಟ್ಯೂಬು ಹಾಕಿದ ತಾರೀಖು, ತೊಟ್ಟಿ ಇರುವ ಜಾಗದ ಒಂದು ಚಿತ್ರ. ಡಿ3 ಹನಿಯನ್ನೋ ಸ್ಯಾಶೆಯನ್ನೋ ಒಮ್ಮೆಯಾದರೂ ಕೊಟ್ಟಿದ್ದರೆ, ಎಷ್ಟು, ಯಾವಾಗ ಎಂಬುದನ್ನು ಕೇಳುವ ಮೊದಲೇ ಹೇಳಿ.